ಸುಣ್ಣ ಬಳಿದ ಅಗಸಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಓಣಿಯವರೆಲ್ಲ ಹೇಳುತ್ತಿದ್ದರು. ಇರಲಿ ಬಿಡಿ, ಸುಳ್ಳೇನಲ್ಲ. ಆದರೆ ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ನಾನು ಅಷ್ಟು ಹಾರಾಡಿದ್ದು ಬರೀ ಹೆದರಿಕೆಯಿಂದ.

ಸಿಂದಗಿ ಕಡೆಯ ನಮ್ಮ ಊರಿಗೆ ಒಂದು ಅಗಸಿ ಇತ್ತು. ಅಗಸಿ ಎಂದರೆ ಊರ ಹೆಬ್ಬಾಗಿಲು. ಎರಡೂ ಬದಿಗೆ ಕಲ್ಲಿನ ಕಟ್ಟೆ, ನಡುವೆ ಮಣ್ಣಲ್ಲಿ ಹೂತು ನಿಂತ ದಪ್ಪ ಕದಗಳು. ಹಿಂದೆಲ್ಲ ಹೊತ್ತು ಮುಳುಗಿದಾಗ ಅವನ್ನು ಮುಚ್ಚಿ ಬೆಳಗಾದಾಗ ತೆಗೆಯುವುದು ನಮ್ಮ ಮನೆತನದ ಕೆಲಸ. ನನ್ನಪ್ಪ ಊರ ವಾಲಿಕಾರ, ಅಂದರೆ ಕಾವಲುಗಾರ. ನನಗೆ ತಿಳಿವಳಿಕೆ ಬರುವಷ್ಟರಲ್ಲಿ ಕದ ಮುಚ್ಚುವುದು ನಿಂತೇ ಹೋಗಿತ್ತು, ಅಲ್ಲಿನ ಗೂಡಿನಲ್ಲಿ ದೀಪ ಹಚ್ಚುವುದೊಂದು ಉಳಿದಿತ್ತು. ಅಪ್ಪ ಎಡಗಾಲನ್ನು ಕಟ್ಟೆಯ ಮೇಲಿಟ್ಟು, ಎಡಗೈಯನ್ನು ಗೂಡಿನ ಪಕ್ಕದ ಕಲ್ಲಿಗೆ ಆನಿಸಿ, ಬಲಗೈಯಿಂದ ಎಣ್ಣೆ ಹಾಕಿ ಬತ್ತಿ ಹಚ್ಚುತ್ತಿದ್ದ. ಆಮೇಲೆಯೇ ಅವನ ಊಟ.

ನಾನು ಪುರಸಭೆಯಲ್ಲಿ ಟೈಪಿಸ್ಟ್ ಆಗಿದ್ದೆ. ಒಂದು ದಿನ ನನ್ನ ಮೇಜಿಗೆ ರಸ್ತೆ ಅಗಲ ಮಾಡುವ ಯೋಜನೆಯ ಕಾಗದ ಬಂತು. ಕೆಡವಬೇಕಾದ ಕಟ್ಟಡಗಳ ಪಟ್ಟಿಯಲ್ಲಿ ನಾಲ್ಕನೆಯದು: ಅಗಸಿ, ಶಿಥಿಲ ಕಟ್ಟಡ.  ಅದನ್ನು ನನ್ನ ಈ ಬೆರಳುಗಳಿಂದಲೇ ಟೈಪು ಮಾಡಿದೆ. ಸಂಜೆ ಅಪ್ಪನಿಗೆ ಓದಿ ಹೇಳಿದೆ.

"ಶಿಥಿಲ ಅಂದ್ರೇನವ್ವಾ?"

"ಬಿರುಕು ಬಿಟ್ಟು ಬೀಳಾಕ ಬಂದದ್ದು."

"ನಮ್ಮ ಅಗಸಿ ಬೀಳಾಕ ಬಂದೈತಿ? ಅಂದವರ ಬಾಯಾಗ ಹುಳಾ ಬೀಳ್ಲಿ!" ಎಂದ ಅಪ್ಪ. ಅವತ್ತು ದೀಪ ಹಚ್ಚಿ ಬಂದವನು ರೊಟ್ಟಿ ಮುಟ್ಟಲಿಲ್ಲ. ಮರುದಿನವೂ ಅರ್ಧ ರೊಟ್ಟಿಗೇ ಎದ್ದ. ಅಗಸಿ ಬಿದ್ದರೆ ಇವನೂ ಉಳಿಯುವುದಿಲ್ಲ ಎಂಬ ಭಯ ನನಗೆ ಹತ್ತಿತು.

ಕಚೇರಿಯ ಹಳೆಯ ಕಡತಗಳನ್ನೆಲ್ಲ ಕೆದಕಿದೆ. ಒಂದರ ತಳದಲ್ಲಿ ವಿಜಾಪುರದಿಂದ ಬಂದ ಸುತ್ತೋಲೆ ಸಿಕ್ಕಿತು. ಊರಿನ ಯೋಜನೆ ಮಾಡುವಾಗ ಹಳೆಯ ಕಟ್ಟಡಗಳ ಯಾದಿಯನ್ನು ಬೇರೆಯಾಗಿ ಕಳಿಸಬೇಕು, ಪ್ರಾಚ್ಯವಸ್ತು ಇಲಾಖೆಯವರು ಬಂದು ನೋಡಿ ಒಪ್ಪಿದ್ದನ್ನು ಕೆಡವುವಂತಿಲ್ಲ, ಅದರ ದುರಸ್ತಿಗೂ ಸರ್ಕಾರ ನೆರವು ಕೊಡುತ್ತದೆ ಎಂದಿತ್ತು. ಅದನ್ನು ಹಿಡಿದು ನಮ್ಮ ಮುಖ್ಯಾಧಿಕಾರಿಯ ಮುಂದೆ ನಿಂತೆ.

"ಅಕ್ಕಾರ, ನಿಮಗ್ಯಾಕ ಊರ ಉಸಾಬರಿ? ನಮ್ಮೂರಾಗ ಹಳೀದು ಏನೈತಿ, ಗೋಲಗುಮ್ಮಟ ಐತೇನು?" ಎಂದು ನಕ್ಕರು.

"ಅಗಸಿ ಗ್ವಾಡ್ಯಾಗ ಶಾಸನದ ಕಲ್ಲ ಐತ್ರಿ. ಹಳೇ ಅಕ್ಷರ ಅದಾವ್ರಿ."

ಕೊನೆಗೆ ಬೇಸತ್ತು, ನಾನು ಬರೆದ ಯಾದಿಗೆ ಸಹಿ ಹಾಕಿದರು. "ಕಳಸ್ರಿ. ಆದರ ಬಂದ ಸಾಹೇಬ್ರು ಇದು ಹಳೀದಲ್ಲ ಅಂದ್ರ ಮರುದಿನಾನ ಕೆಡವಸ್ತೇನಿ. ಆಮ್ಯಾಲ ಅತ್ತು ಕರೀಬ್ಯಾಡ್ರಿ."

ಸೋಮವಾರ ಬರುತ್ತೇವೆ ಎಂದು ಇಲಾಖೆಯಿಂದ ಪತ್ರ ಬಂತು. ಅದೇ ವಾರ ಇಂಡಿಯಲ್ಲಿದ್ದ ನನ್ನ ತಂಗಿಗೆ ಹೆರಿಗೆಯಾಗಿ, ನಾನು ಹೋಗಲೇಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಸಾಹೇಬ್ರು ಬರ್ತಾರಪಾ. ಅಗಸಿ ಗಟ್ಟಿಮುಟ್ಟಾಗಿ ಐತಿ ಅಂತ ತೋರಸಬೇಕು."

ಸೋಮವಾರ ಮೊದಲ ಬಸ್ಸಿಗೆ ವಾಪಸು ಬಂದೆ. ದೂರದಿಂದಲೇ ಬೆಳ್ಳಗೆ ಏನೋ ಕಣ್ಣಿಗೆ ಹೊಡೆಯಿತು. ಹತ್ತಿರ ಬಂದರೆ, ಅಯ್ಯೋ ಶಿವನೇ, ನಮ್ಮ ಅಗಸಿ! ಮದುವೆ ಮನೆಯ ಗೋಡೆಯ ಹಾಗೆ ಮೇಲಿಂದ ಕೆಳಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಓಣಿಯ ಮಂದಿಯೆಲ್ಲ ಸೇರಿದ್ದರು. ಯಾರು ದೊಡ್ಡವರು ಬಂದರೂ ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಕಡೆಯ ಪದ್ಧತಿ. ನಡುವೆ ನನ್ನಪ್ಪ, ಮೀಸೆಗೂ ಸುಣ್ಣ ಹತ್ತಿಸಿಕೊಂಡು, ಕೈಯಲ್ಲಿ ಕುಂಚ ಹಿಡಿದು ನಿಂತಿದ್ದ.

"ನೋಡವ್ವಾ, ಈಗ ಯಾವ ಮಗಾ ಶಿಥಿಲ ಅಂತಾನ ಅನ್ಲಿ! ಶುಕ್ರವಾರನ ಒಂದೊಂದು ಬಿರುಕಿಗೂ ಗಚ್ಚು ತುಂಬೇವಿ."

"ಗೂಡಿನ ಬಾಜೂಕ ಕಲ್ಲ ಇತ್ತಲ್ಲಪಾ?"

"ಆ ಕೊರಕಲು ಕಲ್ಲೇನು? ಭಾಳ ತಗ್ಗು ಬಿದ್ದಿದ್ದುವು. ಅದಕ್ಕೂ ತುಂಬಿ ತಿಕ್ಕೇನಿ."

 ಮಂದಿಯ ಎದುರೇ ಕಿರುಚಿದೆ. "ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿಟ್ಟೀಯಲ್ಲಪಾ! ಅವು ತಗ್ಗಲ್ಲ, ಅಕ್ಷರ! ಅವನ್ನ ನೋಡಾಕನ ಸಾಹೇಬ್ರು ಬರಾಕತ್ತಾರ!"

ಅಪ್ಪನ ಕೈಯ ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. "ಅಕ್ಷರ?" ಎಂದ ಮೆಲ್ಲಗೆ. "ಅವು ಅಕ್ಷರ ಅಂತ ನೀ ನನಗ ಎಂದ ಹೇಳಿದ್ದಿ?"

ಎಂದೂ ಹೇಳಿರಲಿಲ್ಲ. ಓದಿದವಳು ನಾನು. ಕಾಗದದಲ್ಲಿ ಶಾಸನ ಎಂದು ಬರೆದು ವಿಜಾಪುರಕ್ಕೆ ಕಳಿಸಿದೆ, ಮನೆಯಲ್ಲಿದ್ದ ಅಪ್ಪನಿಗೆ ಮಾತ್ರ ಹೇಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕುಡುಗೋಲಿನ ತುದಿಯಿಂದ ಕೆರೆಯಲು ಹೋದೆ. ಗಚ್ಚು ಒಣಗಿ ಗಟ್ಟಿಯಾಗಿತ್ತು. ಅದರ ಜೊತೆ ಕಲ್ಲಿನದೂ ಒಂದು ಚಕ್ಕೆ ಉದುರಿತು. ಅಕ್ಷರವೇ ಮುರಿಯಿತೋ ಏನೋ ಎಂದು ಹೆದರಿ ಕೈಬಿಟ್ಟೆ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು.

ಇಲಾಖೆಯ ಸಾಹೇಬರು ಕನ್ನಡಕದ, ಸಣಕಲು ಮೈಯ ಮನುಷ್ಯ. ಮಾತು ಮೈಸೂರು ಕಡೆಯದು. ಅವರ ಹಿಂದೆಯೇ ನಮ್ಮ ಮುಖ್ಯಾಧಿಕಾರಿ. ಸಾಹೇಬರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಶಾಸನ ಎಲ್ಲಿದೆಯಮ್ಮ?"

"ಇಲ್ಲೇ... ಈ ಸುಣ್ಣದೊಳಗ ಐತ್ರಿ."

ಮುಖ್ಯಾಧಿಕಾರಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಕ್ಕರು. ಸಾಹೇಬರು ನಗಲಿಲ್ಲ. "ಕಾಣದ ಶಾಸನವನ್ನು ನಾನು ಹೇಗೆ ಬರೆದುಕೊಳ್ಳಲಿ? ಸಂಜೆಯೊಳಗೆ ಮುದ್ದೇಬಿಹಾಳ ಮುಟ್ಟಬೇಕು. ಮತ್ತೆ ಈ ಕಡೆ ಬರುವುದು ಮುಂದಿನ ವರ್ಷವೇ" ಎಂದು ಪೆನ್ನಿನ ಮುಚ್ಚಳ ಹಾಕಿದರು. 

"ಸಾಹೇಬ್ರ, ಒಂದೀಟು ನಿಲ್ರಿ."

ಅಪ್ಪ. ಎದುರಿನ ಚಹಾದಂಗಡಿಯ ಒಲೆಯಿಂದ ಒಂದು ಇದ್ದಲಿ ತಂದಿದ್ದ. ದಿನಾ ನಿಲ್ಲುವ ಹಾಗೆಯೇ ಎಡಗಾಲನ್ನು ಕಟ್ಟೆಯ ಮೇಲಿಟ್ಟ. ಎಡಗೈಯನ್ನು ಗೋಡೆಗೆ ಆನಿಸಿ, ಪೊರೆ ಬಂದ ಕಣ್ಣು ಮುಚ್ಚಿದ. ಎಷ್ಟೋ ಹೊತ್ತು ಹಾಗೇ ನಿಂತ. ಮಂದಿ ನಗುತ್ತಾರೆ ಎಂದು ನನಗೆ ಹೆದರಿಕೆ.

"ಇಲ್ಲಿ ಒಂದು ಕೊಂಡಿ, ಹೆಬ್ಬಟ್ಟು ಬರೋಬ್ಬರಿ ಕೂಡತೈತಿ," ಎನ್ನುತ್ತ ಇದ್ದಲಿಯಿಂದ ಎಳೆದ. "ಅದರ ಕೆಳಗ ಗುಂಡಂದು. ಇಲ್ಲಿ ಕಿರಿಬಟ್ಟಿಗೆ ಒಂದು ಉದ್ದನ್ನ ಗೀರು ಹತ್ತತೈತಿ. ಇಲ್ಲಿ ಸ್ವಲ್ಪ ಖಾಲಿ ಬಿಟ್ಟಾರ."

ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗೋಡೆಯ ಹತ್ತಿರ ಬಂದರು. ತುಟಿ ಅಲುಗಾಡಿಸಿದರು. "ಸ್ವಸ್ತಿ ಶ್ರೀ" ಎಂದು ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ಹಳಗನ್ನಡದ ಲಿಪಿ ಯಾರು ಕಲಿಸಿದರು?" ಎಂದು ಕೇಳಿದರು.

"ಅವರಿಗೆ ಈಗಿನ ಕನ್ನಡಾನೂ ಓದಾಕ ಬರೂದಿಲ್ರಿ," ಎಂದೆ. ಮುಂದೆ ಹೇಳಲು ಹೋಗಿ ಗಳಗಳನೆ ಅತ್ತುಬಿಟ್ಟೆ. ನಾಚಿಕೆ ಎಲ್ಲಿಂದ ಬರಬೇಕು?

ಸಾಹೇಬರು ಅವತ್ತು ಮುದ್ದೇಬಿಹಾಳಕ್ಕೆ ಹೋಗಲಿಲ್ಲ. ಗೋಡೆಗೆ ಒದ್ದೆ ಗೋಣಿಚೀಲ ಹಚ್ಚಿಸಿದರು, ಮಧ್ಯಾಹ್ನದ ಮೇಲೆ ಬಿದಿರಿನ ಕಡ್ಡಿಯಿಂದ ಗಚ್ಚನ್ನು ತಾವೇ ಕೂತು ತೆಗೆದರು. ಅಪ್ಪ ಎಳೆದ ಗೆರೆಗಳ ಕೆಳಗೆ ಅವೇ ಅಕ್ಷರಗಳು ಇದ್ದವು. ನಾನು ಉದುರಿಸಿದ ಚಕ್ಕೆ ಕಲ್ಲಿನ ಅಂಚಿನದು.

ಕೆಲವು ತಿಂಗಳಾದ ಮೇಲೆ ಆದೇಶ ಬಂತು. ಅಗಸಿ ಉಳಿಯಿತು, ರಸ್ತೆ ಸುತ್ತಿಕೊಂಡು ಹೋಯಿತು. ಒಂದು ಸಂಜೆ ನಾನು ಕಚೇರಿಯಿಂದ ಬರುವಾಗ ಅಗಸಿಯ ಪಕ್ಕ ನೀಲಿ ಬಣ್ಣದ ಫಲಕ ನೆಟ್ಟಿದ್ದರು. ಎಣ್ಣೆಯ ಬಟ್ಟಲು ಹಿಡಿದ ಅಪ್ಪ ಅದರ ಮೇಲೆ ಕೈಯಾಡಿಸುತ್ತಿದ್ದ.

"ಈ ಅಕ್ಷರ ಕೈಗೆ ಹತ್ತವಲ್ಲವಲ್ಲವ್ವಾ. ಏನ ಬರದಾರ?"

ಓದಿದೆ. ಇದು ಸಂರಕ್ಷಿತ ಕಟ್ಟಡ. ಇಲ್ಲಿ ಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ದೀಪ ಉರಿಸುವುದು, ಶಾಸನವನ್ನು ಮುಟ್ಟುವುದು ಶಿಕ್ಷಾರ್ಹ. ಆ ಮೊದಲ ಕಾಗದ ಓದಿ ಹೇಳಿದ ದಿನ ಅಪ್ಪ ರೊಟ್ಟಿ ಮುಟ್ಟದೆ ಇದ್ದದ್ದು ನೆನಪಾಯಿತು. ಅಪ್ಪ ನನ್ನ ಬಾಯಿಯನ್ನೇ ಕಾಯುತ್ತಿದ್ದ.

"ದೀಪ ಹಚ್ಚವರಿಗೆ ಯಾರೂ ಅಡ್ಡಿ ಮಾಡಬಾರದು ಅಂತ ಬರದಾರಪಾ," ಎಂದೆ.

"ಶ್ಯಾಣ್ಯಾ ಮಂದಿ," ಎಂದು ಅಪ್ಪ ಎಡಗೈಯನ್ನು ಅಕ್ಷರಗಳ ಮೇಲೆ ಆನಿಸಿ ಬತ್ತಿ ಹಚ್ಚಿದ.

ಅವತ್ತಿನಿಂದ ಅವನು ಸಾಯುವವರೆಗೂ, ಅವನು ದೀಪ ಹಚ್ಚುವ ಹೊತ್ತಿಗೆ ನಾನು ಆಚೆ ಕಟ್ಟೆಯ ಮೇಲೆ ನಿಂತು, ಯಾರಾದರೂ ಬರುತ್ತಾರೇನೋ ಎಂದು ರಸ್ತೆ ಕಾಯುತ್ತಿದ್ದೆ.