ಕೆಮ್ಮದ ಕಳ್ಳನೂ ನಮ್ಮ ಬೂಬಮ್ಮನೂ

ಮೊನ್ನೆ ಟ್ರಂಕು ಖಾಲಿ ಮಾಡುವಾಗ ತಳದಲ್ಲೊಂದು ಪುಸ್ತಕ ಸಿಕ್ಕಿತು. ತೆರೆದರೆ ಹೊಗೆಸೊಪ್ಪಿನ ಘಾಟು. ಹುಳ ಬೀಳದಿರಲೆಂದು ಹಾಳೆಗಳ ನಡುವೆ ಇಟ್ಟಿದ್ದ ಎಲೆ ಪುಡಿಯಾಗಿ ಮಡಿಲಿಗೆ ಉದುರಿತು. ಸೀನು ಬಂತು. ಸೀನಿದವನು ನಾನೇ, ಆದರೆ ಸದ್ದು ಮಾತ್ರ ನಮ್ಮ ಹೆಡ್‌ಮಾಸ್ತರರದ್ದು. ಹಾಳು ಅಭ್ಯಾಸ! ಆಮೇಲೆ ಬೂಬಮ್ಮ ನೆನಪಾದರು...

ಹುಣಸೂರಿನಲ್ಲಿ ನಮ್ಮ ಎದುರು ಮನೆ ಅವರದು. ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದರು. ಕನ್ನಡ ನೀರಿನಂತೆ ಮಾತಾಡುತ್ತಿದ್ದರೂ ಓದು ಉರ್ದುವಿನಲ್ಲಿ ಮಾತ್ರ. ನಾನಾಗ ಮೇಷ್ಟ್ರ ಟ್ರೈನಿಂಗು ಮುಗಿಸಿ, ಆರ್ಡರಿಗೆ ಕಾಯುತ್ತ ಊರಿನವರ ದನಿಗಳನ್ನೆಲ್ಲ ಕದ್ದು ತಿರುಗುತ್ತಿದ್ದ ಇಪ್ಪತ್ತರ ಕೋಡಂಗಿ. ಲೈಬ್ರರಿಯಿಂದಲೋ ಹಳೇ ಪುಸ್ತಕದಂಗಡಿಯಿಂದಲೋ ಪತ್ತೇದಾರಿ ಕಾದಂಬರಿ ತಂದು, ಪಾತ್ರಕ್ಕೊಂದು ದನಿ ಹಾಕಿ ಅವರಿಗೆ ಓದಿ ಹೇಳುತ್ತಿದ್ದೆ.

ಅವರಿಗೆ ಬೇಕಾದದ್ದು ಒಂದೇ ಜಾತಿಯ ಕತೆ. ರಾಜರ ಕಾಲ ಆಗಬೇಕು. ಕಳ್ಳನನ್ನು ಹಿಡಿಯುವವಳು ಹೂ ಕಟ್ಟುವವಳೋ ಅಡುಗೆಯವಳೋ, ಒಟ್ಟು ಯಾರೂ ಲೆಕ್ಕಕ್ಕಿಡದ ಹೆಂಗಸಾಗಿರಬೇಕು. ಕೊಲೆ ಕೂಡದು. "ಹೆಣ ಬಿದ್ರೆ ನಂಗೆ ಹೊಲಿಗೆ ತಪ್ತದೆ ಕಣೋ" ಎನ್ನುತ್ತಿದ್ದರು. ಜೊತೆಗೆ, ಮೊದಲು ಕೊನೆಯ ಹಾಳೆ ಓದಬೇಕು. "ಕಳ್ದ ಚೀಜು ವಾಪಸ್ ಬತ್ತದಾ, ಇಲ್ವಾ? ಅದ್ ಹೇಳು ಮೊದ್ಲು."

"ಕೊನೆ ಗೊತ್ತಾದ್ಮೇಲೆ ಕತೆ ಯಾಕ್ ಬೂಬಮ್ಮ? ಮೆಷಿನ್ ಸದ್ದೇ ಕೇಳ್ಕೊಂಡ್ ಕೂತ್ಕೊಳ್ಳಿ."

"ಗಾಬ್ರಿ ಇಲ್ದಿದ್ರೆ ಕಿವಿ ಚೆನ್ನಾಗ್ ಕೇಳ್ತದೆ, ಹುಚ್ಚ."

ಆ ಕಿವಿಯ ಬೆಲೆ ನನಗೆ ತಿಳಿದದ್ದು ಗುರುಪುರದ ಶಾಲೆಗೆ ಆರ್ಡರ್ ಬಂದ ವಾರ. ಬೂಬಮ್ಮನ ಪಕ್ಕದ, ಹೊಗೆಸೊಪ್ಪು ಮಂಡಿ ಯಜಮಾನರ ಮನೆಯಲ್ಲಿ ಯಜಮಾನಿತಿಯ ಸೊಂಟದ ಬೆಳ್ಳಿ ಡಾಬು ಮಾಯವಾಯಿತು. ಹಿಂದಿನ ದಿನ ಮಧ್ಯಾಹ್ನ ಹೊಸ ಸೊಸೆ ಒಬ್ಬಳೇ ಇದ್ದಾಗ, ಬಾಗಿಲಾಚೆಯಿಂದ ಮಾವನ ದನಿ: "ಡಾಬು ಕೊಡವ್ವ, ಕೊಂಡಿ ಸಡ್ಲಾಗೈತೆ, ಆಚಾರಿ ತಾವ ಕೊಟ್ ಬತ್ತೀನಿ." ಸೊಸೆ ಮಾವನೆದುರು ನಿಲ್ಲುವ ಹಾಗಿಲ್ಲವಲ್ಲ, ಬಾಗಿಲ ಸಂದಿಯಿಂದಲೇ ಡಾಬು ಚಾಚಿದಳು, ಒಂದು ಕೈ ತೆಗೆದುಕೊಂಡಿತು. ಕೇಳಿದರೆ ಯಜಮಾನರು, "ನಂಗೊತ್ತಿಲ್ಲ" ಎಂದುಬಿಟ್ಟರು.

ಯಜಮಾನರ ದನಿಯನ್ನು ಮೂರು ಕೆಮ್ಮಿನ ಸಮೇತ ಕಾಫಿ ಹೋಟೆಲಿನಲ್ಲಿ ಮಾಡಿ ತೋರಿಸಿ ಊರನ್ನೆಲ್ಲ ನಗಿಸಿದವನು ನಾನು. ಯಜಮಾನಿತಿ ಬೀದಿಗೆ ಬಂದು ನಿಂತರು. "ನಮ್ಮೋರ್ ದನಿ ಈ ಕೋಡಂಗಿ ಗಂಟ್ಲಲ್ಲೇ ಅಲ್ವಾ ಇರೋದು? ಸಂಜೆ ಒಳ್ಗೆ ಡಾಬು ಬರ್ಲಿಲ್ಲ ಅಂದ್ರೆ ಸ್ಟೇಷನ್ನಿಗೇ ಹೋಯ್ತೀನಿ ಕಣ್ರೀ!" ಪೊಲೀಸರು ಹೆಸರು ಬರೆದುಕೊಂಡರೆ ಮೇಷ್ಟ್ರ ಕೆಲಸಕ್ಕೆ ಅಲ್ಲಿಗೇ ಮಂಗಳ. ಊರಿನ ಅಷ್ಟೂ ದನಿಗಳಿದ್ದ ನನ್ನ ಬಾಯಲ್ಲಿ ಆವತ್ತು ನನ್ನದೇ ದನಿ ಹೊರಡಲಿಲ್ಲ.

ಬೂಬಮ್ಮ ಕತ್ತರಿ ಕೆಳಗಿಟ್ಟು ಎದ್ದರು. ಸೊಸೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ನನಗೆ ಆಚೆಯಿಂದ ಅದೇ ಮಾತು ಆಡು ಎಂದರು. ಮೊದಲು ಮೂರು ಸಲ ಕೆಮ್ಮಿಯೇ ಶುರು ಮಾಡಿದೆ. ಕೆಮ್ಮದಿದ್ದರೆ ನನಗೆ ಆ ದನಿ ಹತ್ತುತ್ತಲೇ ಇರಲಿಲ್ಲ. ಒಳಗಿನಿಂದ ಸೊಸೆ ಕಿಸಕ್ಕನೆ ನಕ್ಕಳು. "ಇವ್ರು ನಮ್ ಮಾವ್ನೋರ್ಗಿಂತ ಜಾಸ್ತಿ ಮಾವ್ನೋರು! ನಿನ್ನೆ ಕೆಮ್ಮೇ ಇರ್ನಿಲ್ಲ."

ಬೂಬಮ್ಮ ನನ್ನನ್ನು ತಮ್ಮ ಜಗಲಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಕೆಮ್ಮದೆ ಆ ದನಿ ನಿಂಗೆ ಬರಾಕಿಲ್ಲ. ಕೆಮ್ಮದೇನೂ ಆ ದನೀಲಿ ಮಾತಾಡೋರು ಯಜಮಾನ್ರು ಒಬ್ರೇ ಕಣೋ." ಯಜಮಾನರ ಮಗಳು, ಪಿರಿಯಾಪಟ್ಟಣಕ್ಕೆ ಕೊಟ್ಟವಳು, ನಾಳಿದ್ದಿನ ಮದುವೆಯೊಂದಕ್ಕೆ ರವಿಕೆ ಹೊಲಿಸಿಕೊಂಡು ಹೋಗಿದ್ದಳಂತೆ. ಡಾಬು ಕಾಣುವಂತೆ ಗಿಡ್ಡ ಇರಲಿ ಎಂದಿದ್ದಳಂತೆ. ಅವಳ ಹತ್ತಿರ ಡಾಬೇ ಇರಲಿಲ್ಲ! ತಾಯಿ ತನ್ನದನ್ನು ಕೊಡುವವಳೂ ಅಲ್ಲ. "ಬೀದೀಲಿ ಎಲ್ರೂ ಕಿರುಚ್ತಾವ್ರೆ, ಯಜಮಾನ್ರು ಒಬ್ರೇ ಪೇಪರ್ ಓದ್ತಾವ್ರೆ. ಪೇಪರು ತಲೆಕೆಳ್ಗು."

"ಹಂಗಾರೆ ಕೂಗಿ ಹೇಳ್ಬಿಡ್ತೀನಿ!"

"ಬ್ಯಾಡ. ಮನೆ ಮರ್ವಾದೆ. ಪುಸ್ತಕ ತಗೋ, ಓದು. ಗಟ್ಟಿಯಾಗಿ."

ಓದಿದೆ. ಪುಸ್ತಕದ ಪಾತ್ರಗಳನ್ನೇ ಇಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನು ಓದಿದೆ. ಅರಮನೆಯ ಮುದಿ ದಿವಾನರು ಹೆಂಡತಿಗೆ ಹೆದರಿ, ಗುಟ್ಟಾಗಿ ಮಗಳಿಗೆ ಡಾಬು ಕೊಟ್ಟರು. ನಿರಪರಾಧಿಯೊಬ್ಬನ ಕುತ್ತಿಗೆಗೆ ಬಂತು. ಸಂಜೆಯೊಳಗೆ ಡಾಬು ಮರಳಿತು. ಹೂ ಕಟ್ಟುವವಳು ಯಾರನ್ನೂ ಒಂದು ಮಾತೂ ಕೇಳಲಿಲ್ಲ. ಪಕ್ಕದ ಜಗಲಿಯಲ್ಲಿ ಪೇಪರು ಮಡಚಿದ ಸದ್ದಾಯಿತು. ಯಜಮಾನರು ಪಿರಿಯಾಪಟ್ಟಣದ ಬಸ್ಸು ಹತ್ತಿದರು.

ದೀಪ ಹಚ್ಚುವ ಹೊತ್ತಿಗೆ ಡಾಬು ಅಕ್ಕಿ ಚೀಲದ ಹಿಂದೆ ಸಿಕ್ಕಿತು! ಯಜಮಾನಿತಿ ನನಗೆ ಒಬ್ಬಟ್ಟು ಕಳಿಸಿದರು, ಯಜಮಾನರು ಬೂಬಮ್ಮನಿಗೆ ಒಂದು ಕಟ್ಟು ಹೊಗೆಸೊಪ್ಪು. ಎಲೆಯಡಿಕೆಯನ್ನೂ ಮುಟ್ಟದ ಆಕೆ ಅದನ್ನು ನಾನು ಕೊಂಡಿದ್ದ ಪುಸ್ತಕಗಳಲ್ಲಿಟ್ಟರು. ನಾನು ಅವರ ಜಗಲಿಯ ಕಂಬಕ್ಕೆ ಒರಗಿ, ಯಾರ ದನಿಯೂ ಅಲ್ಲದ ದನಿಯಲ್ಲಿ ಉಸ್ಸೆಂದೆ. ಆ ಕತೆಗಳು ಯಾಕೆ ಹಿಡಿಸುತ್ತವೆಂದು ಆಗ ತಿಳಿಯಿತು. ಕಳ್ಳ ಸಿಕ್ಕಿದ್ದಕ್ಕಲ್ಲ, ಮರುದಿನ ಬೆಳಿಗ್ಗೆ ಎಲ್ಲರೂ ಅದೇ ಬೀದಿಯಲ್ಲಿ ಮುಖ ಎತ್ತಿ ಓಡಾಡಬಹುದಲ್ಲ, ಅದಕ್ಕೆ.

ಬೂಬಮ್ಮ ಹೋದ ವರ್ಷ ತೀರಿಕೊಂಡರು. ಸುದ್ದಿ ಗುರುಪುರಕ್ಕೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು...

ಆವತ್ತು ಜಗಲಿಯಲ್ಲಿ ಓದಿದ್ದ ಅದೇ ಪುಸ್ತಕ, ತಿರುವಿದೆ. ಎಲ್ಲ ಹಾಳೆಗಳೂ ಇವೆ, ಕೊನೆಯದೊಂದಿಲ್ಲ. ಹೆಚ್ಚು ತೆರೆದದ್ದೇ ಅದು, ಸವೆದು ಬಿದ್ದಿರಬೇಕು. ಈ ಸಲ ಕೊನೆ ನೋಡದೆ ಮೊದಲಿನಿಂದ ಗಟ್ಟಿಯಾಗಿ ಓದಲು ಕೂತೆ. ದಿವಾನರ ಮಾತು ಬಂತು. ಮೂರು ಸಲ ಕೆಮ್ಮಿದೆ.

"ಯಾರ್ರೀ ಬಂದಿರೋದು?" ಒಳಗಿನಿಂದ ಹೆಂಡತಿ ಕೇಳಿದಳು.

"ಯಾರೂ ಬಂದಿಲ್ಲ ಕಣೆ" ಎಂದೆ.