ಬರಿಗಾಲಿನ ಮಿಸ್ತ್ರಿ

ಸೊಲ್ಲಾಪುರದಲ್ಲಿ ಕಾರು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದರು. ಯಾವ ಕಾರು ಬಂದರೂ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಬರಿಗಾಲಿನಿಂದ ಬ್ರೇಕು ಒತ್ತುತ್ತಿದ್ದರು. ಅವಸರ ಮಾಡಿದವರಿಗೆಲ್ಲ ಒಂದೇ ಮಾತು: "ಥಾಂಬಾ, ಜರಾ ತಡೀರಿ, ಕಾಲಿಗೆ ಕೇಳೂಣು."

ಎಪ್ಪತ್ತರ ದಶಕದ ಮಾತು. ನಮ್ಮ ಡ್ರೈವರ್ ಮನೆಯಲ್ಲೇ ಕಾರಿನ ಗಾಲಿಗಳಿಗೆ ಹೊಸ ಬ್ರೇಕ್ ಡ್ರಮ್ಮು, ಅದನ್ನು ಒಳಗಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ಹಾಕಿದ್ದ. ಮರುದಿನ ಅಪ್ಪ, ಅಜ್ಜಿಯ ಜೊತೆ ಅಕ್ಕಲಕೋಟೆಗೆ ಹೊರಟರೆ ಊರಾಚೆಯ ಸುಂಕದ ನಾಕಾದ ಬಳಿ ಕಾರು ನಿಲ್ಲಲೇ ಇಲ್ಲ. ಮುಂದಿದ್ದ ಟಾಂಗಾಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಹಾಗೇ ಮೆಲ್ಲಗೆ ಮಿಸ್ತ್ರಿಯ ಹತ್ತಿರ ಬಂದೆವು.

ಅವರು ಬರಿಗಾಲಿನಿಂದ ಒತ್ತಿ ನೋಡಿದರೆ ಪೆಡಲ್ ಗಟ್ಟಿಯಾಗಿಯೇ ಇತ್ತು; ಅಂದರೆ ಬ್ರೇಕಿನ ಪೈಪಿನಲ್ಲಿ ಗಾಳಿ ಹೊಕ್ಕಿರಲಿಲ್ಲ. ಗಾಲಿ ಬಿಚ್ಚಿ, ಬ್ರೇಕ್ ಶೂ ತೆಗೆದು ಮೂಸಿ ನೋಡಿ ನಕ್ಕರು.

"ಕೊಬ್ಬರಿ ಎಣ್ಣಿ ವಾಸನಿ ಬರಾಕತ್ತೈತಿ. ಪೂಜಾ ಯಾರು ಮಾಡ್ಯಾರ್ರಿ?"

"ನಾನ ನೋಡಪಾ," ಎಂದರು ಅಜ್ಜಿ ಹೆಮ್ಮೆಯಿಂದ. "ಹೊಸಾ ಸಾಮಾನಕ್ಕ ಎಣ್ಣಿ-ಕುಂಕುಮ ಹಚ್ಚಲಾರದ ಹ್ಯಾಂಗ ಹಾಕೂದು?"

ಅಪ್ಪ ರೇಗುವಷ್ಟರಲ್ಲಿ ಮಿಸ್ತ್ರಿ "ಥಾಂಬಾ" ಎಂದು ಕೈ ಎತ್ತಿದರು. ಡ್ರಮ್ಮನ್ನು ಪೆಟ್ರೋಲಿನಿಂದ ಒರೆಸಿ, ಬೇರೆ ಶೂ ಹಾಕಿ, ಗಾಲಿ ಕೂಡಿಸಿ, ಅಜ್ಜಿಯನ್ನು ಕಾರಿನ ಮುಂದೆ ಕರೆದು ಬಾನೆಟ್ ತೋರಿಸಿದರು.

"ಆಯಿ, ಕುಂಕುಮ ಇಲ್ಲಿ ಹಚ್ರಿ. ಒಳಗ ಎಣ್ಣಿ ಹಚ್ಚಿದ್ರ ದೇವರ ಕಾಲೂ ಜಾರತೈತಿ."