ಕತ್ತಲೆಗೆ ಸಿಕ್ಕಿದ ಹೊಗಳಿಕೆ

ಮೂಡುಬಿದಿರೆಯಲ್ಲಿ ಕೋಟಿ ಸುರಿದು ಮಾಡಿದ, ರಾಣಿಯೊಬ್ಬಳ ಚರಿತ್ರೆಯ ಸಂಗೀತ ನಾಟಕಕ್ಕೆ ಹೋಗಿದ್ದೆ. ಜೊತೆಗೆ ಪತ್ರಿಕೆಗೆ ವಿಮರ್ಶೆ ಬರೆಯುವ ನನ್ನ ಗೆಳೆಯನೂ ಇದ್ದ. ನಮ್ಮಲ್ಲಿ ವಿಮರ್ಶಕನನ್ನು ನಾಟಕಕ್ಕೆ ಮೊದಲೇ ವೇದಿಕೆಗೆ ಕರೆದು, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಡುವ ಕ್ರಮ ಉಂಟು. ಮತ್ತೆ ಅವನು ಏನಂತ ಬೈಯುವುದು? ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡೇ ನಾಟಕ ನೋಡಿದ.

ಅಷ್ಟು ದುಡ್ಡು ಸುರಿದವರಿಗೆ ಜನರೇಟರಿಗೆ ಡೀಸೆಲ್ ತುಂಬಿಸುವುದು ಮರೆತುಹೋಗಿತ್ತು. ಯುದ್ಧದ ಹಾಡಿನ ನಡುವೆ ದೀಪ ಆರಿತು, ರೆಕಾರ್ಡ್ ಮಾಡಿದ ಹಾಡೂ ನಿಂತಿತು. ನಮ್ಮ ಯಕ್ಷಗಾನದ ಭಾಗವತರಾದರೆ ಕತ್ತಲೆಯಲ್ಲೂ ಹಾಡುತ್ತಿದ್ದರು. ಜನ ಮೊಬೈಲ್ ಬೆಳಕು ಬಿಟ್ಟಾಗ ರಾಣಿ ಬಾಯಿ ತೆರೆದುಕೊಂಡೇ ನಿಂತಿದ್ದಳು.

‘ಸಾಮ್ರಾಜ್ಯದ ಪತನವನ್ನು ಕತ್ತಲೆ, ಮೌನಗಳಲ್ಲೇ ಹೇಳಿದ ನಿರ್ದೇಶಕರ ಧೈರ್ಯ ಮೆಚ್ಚತಕ್ಕದ್ದು’ ಎಂದು ಗೆಳೆಯ ಬರೆದ. ಅದನ್ನು ಓದಿ ನಿರ್ದೇಶಕರೂ ನಂಬಿಬಿಟ್ಟರು! ಬಂಟ್ವಾಳದ ಪ್ರದರ್ಶನದಲ್ಲಿ ಅದೇ ಜಾಗಕ್ಕೆ ಬೇಕೆಂದೇ ದೀಪ ಆರಿಸಿ, ಹಾಡು ನಿಲ್ಲಿಸಿದರು. ಶಾಲು ಹೊದ್ದವರೆಲ್ಲ ಗಂಭೀರವಾಗಿ ತಲೆದೂಗಿದರು.

ಹಿಂದಿನ ಸಾಲಿನಿಂದ ಶಾಲಿಲ್ಲದ ಒಬ್ಬರು ಕೂಗಿದರು: “ಡೀಸೆಲ್ ಹಾಕಿ ಮಾರಾಯ್ರೆ!”